ಮರದ ನಾರಿನ ಮೇಲೆ ಮೈಕ್ರೋವೇವ್ ಚಿಪ್

ಮೊಬೈಲ್ ಫೋನು ಸಂಕೇತಗಳನ್ನು ದೂರದ ಗೋಪುರಕ್ಕೆ ಕಳುಹಿಸಬೇಕಾದರೆ ಸೆಕೆಂಡಿಗೆ ನೂರಾರು ಕೋಟಿ ಸಲ ಕಂಪಿಸುವ ವಿದ್ಯುತ್ತನ್ನು ನಿಭಾಯಿಸಬೇಕು. ಈ ಕೆಲಸದಲ್ಲಿ ಗ್ಯಾಲಿಯಂ ಆರ್ಸೆನೈಡ್ ಎಂಬ ಅರೆವಾಹಕದ್ದು ಎತ್ತಿದ ಕೈ. ಆದರೆ ಅದರಲ್ಲಿರುವ ಆರ್ಸೆನಿಕ್ ವಿಷವಸ್ತು. ಹಳೆಯ ಫೋನುಗಳು ಕಸದ ಗುಂಡಿ ಸೇರಿದರೆ ಆ ವಿಷ ಮಣ್ಣು, ನೀರು ಸೇರುವ ಅಪಾಯವಿದೆ.

ವಿಚಿತ್ರವೆಂದರೆ, ಚಿಪ್ಪಿನಲ್ಲಿ ನಿಜವಾಗಿ ದುಡಿಯುವುದು ಮೇಲಿನ ತೆಳುಪದರ ಮಾತ್ರ. ಉಳಿದದ್ದು ಅದಕ್ಕೆ ಆಸರೆಯಾದ ಹಾಸು. ಈ ಹಾಸಿಗೂ ವಿಷವಸ್ತುವೇ ಏಕೆ ಬೇಕು? ಅಮೆರಿಕದ ವಿಸ್ಕಾನ್ಸಿನ್-ಮ್ಯಾಡಿಸನ್ ವಿಶ್ವವಿದ್ಯಾಲಯದ ಝೆನ್‌ಚಿಯಾಂಗ್ ಮಾ ಮತ್ತು ಸಂಗಡಿಗರು ಇದಕ್ಕೆ ಮರದಲ್ಲಿ ಉತ್ತರ ಕಂಡುಕೊಂಡರು. ಮ್ಯಾಡಿಸನ್ನಿನಲ್ಲೇ ಇರುವ ಸರ್ಕಾರಿ ಅರಣ್ಯೋತ್ಪನ್ನ ಪ್ರಯೋಗಾಲಯ ಅವರೊಂದಿಗೆ ಕೈಜೋಡಿಸಿತು. ಸಂಶೋಧನೆ 2015ರಲ್ಲಿ ಪ್ರಕಟವಾಯಿತು.

ಮರದ ನಾರಿನಲ್ಲಿ ಸೆಲ್ಯುಲೋಸ್ ಎಂಬ ಸಹಜ ಪಾಲಿಮರ್ ಇದೆ. ಹತ್ತಿಬಟ್ಟೆಯಲ್ಲಿ, ನೋಟ್‌ಪುಸ್ತಕದ ಹಾಳೆಯಲ್ಲಿ ಇರುವುದೂ ಇದೇ. ನಾರನ್ನು ನ್ಯಾನೊಮೀಟರ್ ಅಳತೆಯ ಎಳೆಗಳಾಗಿ ಬಿಡಿಸಿ ಹಾಳೆ ಮಾಡಿದರೆ ಅದು ಗಟ್ಟಿಯಾಗಿರುತ್ತದೆ, ಬಾಗುತ್ತದೆ. ಎಳೆಗಳು ಬೆಳಕಿನ ತರಂಗಾಂತರಕ್ಕಿಂತ ಸಪೂರವಾದ್ದರಿಂದ ಬೆಳಕು ಹೆಚ್ಚು ಚದುರುವುದಿಲ್ಲ, ಹಾಳೆ ಪಾರದರ್ಶಕವಾಗುತ್ತದೆ.

ಆದರೆ ತೊಡಕೊಂದಿತ್ತು. ಸೆಲ್ಯುಲೋಸ್ ನೀರನ್ನು ಹೀರುತ್ತದೆ. ಮೈಕ್ರೋವೇವ್ ಒಲೆಯಲ್ಲಿ ಅನ್ನ ಬಿಸಿಯಾಗುವುದು ಹೇಗೆ? ಸೆಕೆಂಡಿಗೆ 245 ಕೋಟಿ ಸಲ ಕಂಪಿಸುವ ಅಲೆಗಳ ಶಕ್ತಿಯನ್ನು ಅನ್ನದೊಳಗಿನ ನೀರಿನ ಅಣುಗಳು ಹೀರುವುದರಿಂದ. ಹಾಗೆಯೇ ತೇವಗೊಂಡ ಹಾಸು ಸಂಕೇತದ ಶಕ್ತಿಯನ್ನೇ ನುಂಗಿಬಿಡುತ್ತದೆ. ಆದ್ದರಿಂದ ಹಾಳೆಗೆ ಎಪಾಕ್ಸಿಯ ತೆಳು ಲೇಪ ಕೊಡಲಾಯಿತು. ತೇವವೂ ತಗ್ಗಿತು, ಮೇಲ್ಮೈಯೂ ನುಣುಪಾಯಿತು.

ಇನ್ನೊಂದು ಲಾಭವನ್ನೂ ಗಮನಿಸಬೇಕು. 5 ಮಿ.ಮೀ. ಉದ್ದ, 6 ಮಿ.ಮೀ. ಅಗಲದ ಮೈಕ್ರೋವೇವ್ ಚಿಪ್ಪಿನಲ್ಲಿ ಸಾಮಾನ್ಯವಾಗಿ 8ರಿಂದ 40 ಟ್ರಾನ್ಸಿಸ್ಟರುಗಳಿರುತ್ತವೆ; ಉಳಿದ ಜಾಗ ವ್ಯರ್ಥ. ಮಾ ತಂಡ ಅಷ್ಟೇ ಜಾಗದಲ್ಲಿ 1,500 ಟ್ರಾನ್ಸಿಸ್ಟರುಗಳನ್ನು ಒತ್ತೊತ್ತಾಗಿ ತಯಾರಿಸಿತು. ಆಮೇಲೆ ಅವನ್ನು ಬಿಡಿಸಿ, ಮರದ ಹಾಳೆಯ ಮೇಲೆ ಬೇಕಾದ ಕಡೆ ಕೂರಿಸಿತು. ಹೀಗೆ ರಚಿಸಿದ ಮಂಡಲ ಎಂದಿನ ಚಿಪ್ಪಿಗೆ ಸರಿಸಾಟಿಯಾಗಿ ಕೆಲಸ ಮಾಡಿತು.

ಕಾಡಿನಲ್ಲಿ ಬಿದ್ದ ಮರವನ್ನು ಕೊಳೆಸುವ ಶಿಲೀಂಧ್ರಗಳು ಈ ಹಾಳೆಯನ್ನೂ ತಿನ್ನಬಲ್ಲವು. ಆದರೆ ಆರ್ಸೆನಿಕ್ ಒಂದು ಧಾತು. ಯಾವ ಶಿಲೀಂಧ್ರವೂ ಅದನ್ನು ಇಲ್ಲವಾಗಿಸಲಾರದು. ಮರದ ಹಾಸು ವಿಷದ ಪ್ರಮಾಣವನ್ನು ಬಹಳಷ್ಟು ತಗ್ಗಿಸುತ್ತದೆ ನಿಜ. ಉಳಿದ ಚೂರನ್ನು ಮಣ್ಣಿಗೆ ಬೀಳದಂತೆ ಹಿಂದಕ್ಕೆ ಪಡೆಯುವ ಹೊಣೆ ಮಾತ್ರ ಮನುಷ್ಯನದೇ. ಹಳೆಯ ಫೋನನ್ನು ತಿಪ್ಪೆಗೆ ಎಸೆಯದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸುವುದು ಅದರ ಮೊದಲ ಹೆಜ್ಜೆ.