ಕಾಗೆ ಕಾಯಿಸುವ ಹೊತ್ತು

ಈರುಳ್ಳಿ ಪೇಟೆಗೆ ಹೆಸರಾದ ಲಾಸಲಗಾಂವ್ ಇರುವುದು ನಾಸಿಕ್ ಜಿಲ್ಲೆಯ ನಿಫಾಡ್ ತಾಲ್ಲೂಕಿನಲ್ಲಿ. ಆ ಸೀಮೆಯ ಮನೆಗಳಲ್ಲಿ ಹಿರಿಯರು ತೀರಿಕೊಂಡರೆ ಹತ್ತನೆಯ ದಿನದ ಕರ್ಮಕ್ಕೆ ಗೋದಾವರಿಯ ದಂಡೆ ಹುಡುಕುತ್ತಾರೆ. ಅನುಕೂಲವಿದ್ದವರು 60 ಕಿಲೋಮೀಟರ್ ಆಸುಪಾಸಿನ ನಾಸಿಕದ ರಾಮಕುಂಡಕ್ಕೇ ಹೋಗುತ್ತಾರೆ. ಮರಾಠಿಯಲ್ಲಿ ಇದಕ್ಕೆ ದಶಕ್ರಿಯಾ ಎಂದು ಹೆಸರು. ಪಿಂಡ ಇಟ್ಟು ಎಲ್ಲರೂ ದೂರ ಸರಿದು ಕಾಗೆಗಾಗಿ ಕಾಯುತ್ತಾರೆ. ಬಂದು ಮುಟ್ಟಿತೋ, ಹೋದವರು ತೃಪ್ತರು. ಬಾರದಿದ್ದರೆ ಗುಸುಗುಸು ಶುರು: ಅವರ ಮನಸ್ಸಿನಲ್ಲಿ ಏನು ಉಳಿದಿತ್ತೋ? ಕಡೆಗೆ ಯಾರೋ ಒಬ್ಬರು ಮುಂದೆ ಬಂದು ಕೈಮುಗಿದು, ತಂಗಿಯ ಮದುವೆ ಮಾಡುತ್ತೇವೆ, ತಾಯಿಯನ್ನು ನೋಡಿಕೊಳ್ಳುತ್ತೇವೆ, ಹೊಲ ಮಾರುವುದಿಲ್ಲ ಎಂದು ಗಟ್ಟಿಯಾಗಿ ಹೇಳುತ್ತಾರೆ. ಆಗಲೂ ಬಾರದಿದ್ದರೆ ದರ್ಭೆಯಲ್ಲೊಂದು ಕಾಗೆ ಮಾಡಿ ಮುಟ್ಟಿಸುವ ದಾರಿಯೂ ಉಂಟು. ಕನ್ನಡನಾಡಿಗೆ ಇದೇನೂ ಹೊಸದಲ್ಲ. ಶ್ರೀರಂಗಪಟ್ಟಣದ ಕಾವೇರಿ ದಂಡೆಯಲ್ಲೂ ಜನ ಹೀಗೆಯೇ ಮರದ ಕಡೆ ನೋಡುತ್ತ ನಿಂತಿರುತ್ತಾರೆ. ಕಾಗೆಗೆ ಪಿತೃಗಳ ಸಮಾಚಾರ ಗೊತ್ತೋ ಇಲ್ಲವೋ, ಆ ಜಗಳ ಇಲ್ಲಿ ಬೇಡ. ಗಂಟಲಲ್ಲಿ ಸಿಕ್ಕಿಕೊಂಡ ಮಾತನ್ನು ನಾಲ್ಕು ಜನರೆದುರು ಹೊರಡಿಸುವ ಉಪಾಯ ಅದರಲ್ಲಿದೆ. ಕಾಯಿಲೆಗೆ ತಂದೆಯನ್ನೋ ತಾಯಿಯನ್ನೋ ಒಪ್ಪಿಸಿದ ಮಕ್ಕಳಿಗೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾದದ್ದು ಇಂಥ ಹೊತ್ತು, ಅದೂ ಒಂದು ದಿನಕ್ಕೆ ಮುಗಿಯದೆ ಮತ್ತೆ ಮತ್ತೆ ಬರುವ ಹೊತ್ತು ಎಂಬುದು ನನ್ನ ವಾದ.

ಕಾಯಿಲೆಯ ಸಾವು ಅಪಘಾತದ ಸಾವಿನ ಹಾಗಲ್ಲ. ಡಾಕ್ಟರ್ ವರದಿ ಓದಿ ಹೇಳಿದ ದಿನವೇ ದುಃಖ ಮನೆಯೊಳಗೆ ಕಾಲಿಟ್ಟಿರುತ್ತದೆ. ಆಮೇಲೆ ತಿಂಗಳುಗಟ್ಟಲೆ ಮನೆಯ ಗಡಿಯಾರ ನಡೆಯುವುದು ಮಾತ್ರೆಯ ಹೊತ್ತಿಗೆ, ಡಯಾಲಿಸಿಸ್ಸಿನ ವಾರಕ್ಕೆ, ಕೀಮೋಥೆರಪಿಯ ಸರದಿಗೆ. ಸಾವು ಬಂದಾಗ ಮನುಷ್ಯರು ಮಾತ್ರವಲ್ಲ, ಆ ಇಡೀ ದಿನಚರಿಯೇ ಹೋಗುತ್ತದೆ. ರಾತ್ರಿ ಎರಡು ಗಂಟೆಗೆ ಎಚ್ಚರವಾಗುವ ಅಭ್ಯಾಸ ಮಾತ್ರ ಉಳಿದುಬಿಡುತ್ತದೆ. ಅದರ ಜೊತೆಗೆ ಯಾರೊಂದಿಗೂ ಹೇಳಿಕೊಳ್ಳಲಾಗದ ಇನ್ನೊಂದು ಭಾವ: ಅಬ್ಬಾ, ಮುಗಿಯಿತು ಎಂಬ ಹಗುರ. ಅದರ ಹಿಂದೆಯೇ, ಹಾಗನ್ನಿಸಿತಲ್ಲ ಎಂಬ ನಾಚಿಕೆ. ಮರೆವಿನ ಕಾಯಿಲೆ ಇದ್ದವರನ್ನು ಮನೆಯಲ್ಲೇ ನೋಡಿಕೊಂಡವರ ಬಗ್ಗೆ ರಿಚರ್ಡ್ ಶುಲ್ಜ್ ಮತ್ತು ಸಂಗಡಿಗರು ಅಮೆರಿಕದಲ್ಲಿ ನಡೆಸಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಸಾವಿನಿಂದ ತಮಗೇ ಬಿಡುಗಡೆ ಸಿಕ್ಕಿದಂತಾಯಿತು ಎಂದು ಅದರಲ್ಲಿ ಶೇ 72 ಮಂದಿ ಒಪ್ಪಿಕೊಂಡಿದ್ದರು. ಅವರು ಕಲ್ಲುಮನಸ್ಸಿನವರಲ್ಲ, ವರ್ಷಗಟ್ಟಲೆ ಉಣಿಸಿ ತೊಳೆದು ಮಲಗಿಸಿದವರು. ಹಗುರ ಮತ್ತು ಪ್ರೀತಿ ಒಂದೇ ಎದೆಯಲ್ಲಿ ಇರಬಲ್ಲವು ಎಂದು ಈ ಅಂಕಿ ಹೇಳುತ್ತದೆ. ಮಾತಾಡಿಸಲು ಬಂದವರು 'ಪುಣ್ಯವಂತರು, ಹೆಚ್ಚು ನರಳಲಿಲ್ಲ' ಎನ್ನುತ್ತಾರಲ್ಲ, ಆ ಮಾತು ಹೋದವರ ಬಿಡುಗಡೆಯನ್ನು ಒಪ್ಪುತ್ತದೆ. ಉಳಿದವರ ಬಿಡುಗಡೆಗೆ ನಮ್ಮ ಭಾಷೆಯಲ್ಲಿ ಇನ್ನೂ ಒಂದು ಮರ್ಯಾದೆಯ ಮಾತು ಹುಟ್ಟಿಲ್ಲ.

ಇನ್ನೊಂದು ಗಂಟು ದುಡ್ಡಿನದು. ಈರುಳ್ಳಿ ಬೆಳೆಯುವ ಮನೆಯಲ್ಲಿ ಚಿಕಿತ್ಸೆಯ ನಿರ್ಧಾರ ಆಸ್ಪತ್ರೆಯಲ್ಲಷ್ಟೇ ಆಗುವುದಿಲ್ಲ, ಹರಾಜಿನ ಕಟ್ಟೆಯಲ್ಲೂ ಆಗುತ್ತದೆ. 2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಈರುಳ್ಳಿ ರಫ್ತು ನಿಷೇಧಿಸಿದಾಗ ದರ ಕುಸಿಯಿತು, ಲಾಸಲಗಾಂವ್‌ನಲ್ಲಿ ಹರಾಜೇ ನಿಂತಿತು. ಅದು ಹೆಚ್ಚು ದಿನ ಕೂಡಿಡಲು ಬಾರದ ಕೆಂಪು ಈರುಳ್ಳಿಯ ಹಂಗಾಮು. ನಿಷೇಧ ತೆರವಾದದ್ದು 2024ರ ಮೇ ತಿಂಗಳಲ್ಲಿ. ಅಂಥ ವರ್ಷ ಸ್ಕ್ಯಾನಿಂಗನ್ನು ಮುಂದಿನ ತಿಂಗಳಿಗೆ ತಳ್ಳಿದ ಮಗ, ತಂದೆ ಹೋದ ಮೇಲೆ ಆ ತಿಂಗಳನ್ನೇ ಹಿಡಿದು ತಿರುವಿ ತಿರುವಿ ನೋಡುತ್ತಾನೆ. ಪೇಟೆ ಮಾಡಿದ ತೀರ್ಮಾನವನ್ನು ತನ್ನ ಪಾಪದ ಲೆಕ್ಕಕ್ಕೆ ಬರೆದುಕೊಳ್ಳುತ್ತಾನೆ. ಹಾಸನದ ಆಲೂಗಡ್ಡೆ, ಕೋಲಾರದ ಟೊಮೆಟೊ ಬೆಳೆದವರ ಮನೆಯಲ್ಲೂ ಲೆಕ್ಕ ಬೇರೆಯಲ್ಲ. ಫಲಿತಾಂಶ ತಿಳಿದ ಮೇಲೆ ಅದು ಮೊದಲೇ ಕಾಣುತ್ತಿತ್ತು ಎಂದು ಮನಸ್ಸು ನಂಬಿಬಿಡುವುದನ್ನು ಬರೂಖ್ ಫಿಶ್‌ಹಾಫ್ ಎಂಬ ಮನೋವಿಜ್ಞಾನಿ 1975ರಲ್ಲೇ ಪ್ರಯೋಗದಿಂದ ತೋರಿಸಿದ್ದರು. 'ಮೊದಲೇ ದೊಡ್ಡಾಸ್ಪತ್ರೆಗೆ ಕರೆದೊಯ್ದಿದ್ದರೆ' ಎಂಬ ಕೊರಗಿನಲ್ಲಿ ಈ ಮೋಸ ಬಹಳಷ್ಟಿದೆ. ಆದರೆ ಒಬ್ಬನೇ ಕೂತು ಯೋಚಿಸಿದರೆ ಮೋಸ ಬಯಲಾಗುವುದಿಲ್ಲ. ಆ ಹೊತ್ತು ಕೈಯಲ್ಲಿ ಎಷ್ಟಿತ್ತು, ಡಾಕ್ಟರ್ ಏನೆಂದಿದ್ದರು ಎಂದು ನೆನಪಿಸುವ ಅಣ್ಣನೋ ಚಿಕ್ಕಪ್ಪನೋ ಎದುರಿಗಿರಬೇಕು.

ದುಃಖವೆಂದರೆ ಹೋದವರಿಂದ ಮನಸ್ಸನ್ನು ಎಳೆ ಎಳೆಯಾಗಿ ಬಿಡಿಸಿಕೊಳ್ಳುವ ಕೆಲಸ ಎಂದು 1917ರ ಪ್ರಬಂಧದಲ್ಲಿ ಬರೆದವರು ಫ್ರಾಯ್ಡ್. ಅವರ ತಂದೆ ತೀರಿಕೊಂಡದ್ದು 1896ರಲ್ಲಿ. ಕನಸುಗಳ ಕುರಿತ ತಮ್ಮ ಪ್ರಸಿದ್ಧ ಗ್ರಂಥ ತಂದೆಯ ಸಾವಿಗೆ ತಾವು ಕೊಟ್ಟ ಪ್ರತಿಕ್ರಿಯೆಯೇ ಆಗಿತ್ತೆಂದು ಅವರು ಒಪ್ಪಿಕೊಂಡದ್ದು 1908ರಲ್ಲಿ, ಹನ್ನೆರಡು ವರ್ಷದ ಮೇಲೆ. ಬಿಡಿಸಿಕೊಳ್ಳಿ ಎಂದ ಗುರುವಿಗೇ ಅದು ಅಷ್ಟು ಸುಲಭವಾಗಿರಲಿಲ್ಲ ಎನ್ನೋಣ. ನಿರಾಕರಣೆ, ಕೋಪ ಮುಂತಾದ ಐದು ಹಂತಗಳ ಮಾತೂ ಬಹಳ ಚಾಲ್ತಿಯಲ್ಲಿದೆ. 1969ರಲ್ಲಿ ಎಲಿಜಬೆತ್ ಕೂಬ್ಲರ್-ರಾಸ್ ಅವನ್ನು ಗುರುತಿಸಿದ್ದು ಸಾವು ಹತ್ತಿರವಾದ ರೋಗಿಗಳಲ್ಲಿ, ಉಳಿದವರಲ್ಲಿ ಅಲ್ಲ ಎಂಬುದು ಮಾತ್ರ ಅನೇಕರಿಗೆ ಮರೆತೇಹೋಗಿದೆ. ಡೆನಿಸ್ ಕ್ಲಾಸ್ ಮತ್ತಿತರರು 1996ರಲ್ಲಿ ತಂದ ಪುಸ್ತಕ ಬೇರೆ ದಿಕ್ಕು ತೋರಿಸಿತು: ಹೋದವರ ಜೊತೆಗಿನ ಸಂಬಂಧ ಮುಗಿಯಬೇಕಾಗಿಲ್ಲ, ರೂಪ ಬದಲಿಸಿ ಮುಂದುವರಿಯಬಹುದು, ಅದು ರೋಗವಲ್ಲ. ಮಹಾಲಯ ಅಮಾವಾಸ್ಯೆಗೆ ಎಡೆ ಇಡುವ ನಮ್ಮವರಿಗೆ ಇದನ್ನು ಕೇಳಿ ನಗು ಬಂದೀತು. ಅಪ್ಪನಿಗೆ ಇಷ್ಟವಾದ ಬೀಡಿಯ ಕಟ್ಟು, ಅವ್ವನ ಎಲೆಅಡಿಕೆ, ಡಾಕ್ಟರ್ ಬೇಡವೆಂದಿದ್ದ ಕೋಳಿಸಾರು ಎಲ್ಲವೂ ಆ ಎಲೆಯ ಮೇಲಿರುತ್ತವೆ. ಸಕ್ಕರೆ ಕಾಯಿಲೆ ಬಂದು ಕೊನೆಯ ವರ್ಷಗಳಲ್ಲಿ ಸಿಹಿ ಮುಟ್ಟದೆ ಹೋದವರಿಗೆ ಮಕ್ಕಳು ಹೋಳಿಗೆ ಬಡಿಸುವುದರಲ್ಲಿ, ಅಂದು ತಟ್ಟೆ ಕಿತ್ತುಕೊಂಡದ್ದಕ್ಕೆ ಕ್ಷಮೆ ಕೇಳಿದ ಹಾಗೂ ಇದೆ. ಶ್ರಾದ್ಧದ ಕ್ರಮವೂ ಹದಿಮೂರಕ್ಕೆ ಮುಗಿಯುವುದಿಲ್ಲ. ತಿಂಗಳು ತಿಂಗಳಿಗೆ ಮಾಸಿಕ, ಆಮೇಲೆ ವರ್ಷದ ತಿಥಿ. ಇಂದು ಮಾಸಿಕಗಳನ್ನೆಲ್ಲ ಸೇರಿಸಿ ಮುಂಚೆಯೇ ಮುಗಿಸುವುದು ರೂಢಿಯಾಗಿದೆ. ರಜೆ ಸಿಗುವುದಿಲ್ಲ, ನಿಜ. ಹೆತ್ತವರು ತೀರಿಕೊಂಡಾಗ ಇಂತಿಷ್ಟು ದಿನ ರಜೆ ಕೊಡಲೇಬೇಕೆಂಬ ದೇಶವ್ಯಾಪಿ ಕಾನೂನು ನಮ್ಮಲ್ಲಿಲ್ಲ. ಆದರೆ ನೆಂಟರೆಲ್ಲ ಹೊರಟುಹೋದ ಎರಡನೆಯ, ಮೂರನೆಯ ತಿಂಗಳಲ್ಲೇ ಮನೆ ಬಿಕೋ ಎನ್ನುವುದು, ಮಾಸಿಕ ಬೇಕಾಗಿರುವುದೂ ಆಗಲೇ.

ಇಷ್ಟು ಹೇಳಿದರೆ ಎದುರಾಡುವವರು ಎದ್ದು ನಿಲ್ಲುತ್ತಾರೆ, ನಿಲ್ಲಲೂ ಬೇಕು. ಕರ್ಮದ ಹೆಸರಿನಲ್ಲಿ ಆಸ್ಪತ್ರೆಯ ಸಾಲದ ಮೇಲೆ ಊಟದ ಸಾಲ ಹೇರುವುದು ಸುಳ್ಳಲ್ಲ. ನಾಸಿಕದಿಂದ ಗೋದಾವರಿ ಇಳಿದು ಹೋಗುವ ಪೈಠಣ ಇರುವುದು ಛತ್ರಪತಿ ಸಂಭಾಜಿನಗರ ಜಿಲ್ಲೆಯಲ್ಲಿ. ಬಾಬಾ ಭಾಂಡ್ ಅವರ ಕಾದಂಬರಿ ಆಧರಿಸಿದ 'ದಶಕ್ರಿಯಾ' ಸಿನಿಮಾದಲ್ಲಿ ಅಲ್ಲಿಯ ಘಾಟಿನ ವ್ಯಾಪಾರವೂ, ಬೂದಿ ಜಾಲಾಡಿ ಕಾಸು ಹುಡುಕುವ ಬಡ ಹುಡುಗನೂ ಬರುತ್ತಾರೆ. ಅದಕ್ಕೆ ಅತ್ಯುತ್ತಮ ಮರಾಠಿ ಚಿತ್ರವೆಂಬ ರಾಷ್ಟ್ರ ಪ್ರಶಸ್ತಿ ಬಂತು. ಆ ಟೀಕೆಯನ್ನು ಪೂರ್ತಿ ಒಪ್ಪಿಯೂ ಹೇಳಬಹುದು: ದುಬಾರಿಯಾದದ್ದು ಊಟ ಮತ್ತು ದಕ್ಷಿಣೆ. ನೆನೆಯುವುದಕ್ಕೆ ಒಂದು ದಿನ ಗೊತ್ತುಮಾಡಿ ನಾಲ್ಕು ಜನ ಕೂರುವುದಕ್ಕೆ ದುಡ್ಡು ಬೇಕಿಲ್ಲ, ಪುರೋಹಿತರೂ ಬೇಕಿಲ್ಲ. ಆ ದಿನವೂ ಇಲ್ಲವಾದರೆ ಏನಾಗುತ್ತದೆಂದು ಕೋವಿಡ್ ತೋರಿಸಿತು. 2021ರ ಜೂನ್‌ನಲ್ಲಿ ಯಾರೂ ಒಯ್ಯದೆ ಉಳಿದ ಐನೂರಕ್ಕೂ ಹೆಚ್ಚು ಜನರ ಅಸ್ಥಿಯನ್ನು ಆಗಿನ ಕಂದಾಯ ಸಚಿವ ಆರ್. ಅಶೋಕ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯ ಬಳಿ ಕಾವೇರಿಯಲ್ಲಿ ಬಿಟ್ಟರು. ಸರ್ಕಾರಕ್ಕೂ ಅದೊಂದು ಬಾಕಿಯೆನಿಸಿತ್ತು.

ಕಾಲವೇ ಎಲ್ಲವನ್ನೂ ಮಾಯಿಸುತ್ತದೆ, ಇಷ್ಟೆಲ್ಲ ಏಕೆ ಎನ್ನುವವರ ಮಾತಿನಲ್ಲೂ ಹುರುಳಿದೆ. ಶುಲ್ಜ್ ಅಧ್ಯಯನದಲ್ಲೇ ವರ್ಷ ತುಂಬುವಷ್ಟರಲ್ಲಿ ಹೆಚ್ಚಿನವರ ಖಿನ್ನತೆ ಸಾಕಷ್ಟು ಇಳಿದಿತ್ತು. ಬಹುಪಾಲು ಜನರಿಗೆ ಚಿಕಿತ್ಸೆ ಬೇಕಿಲ್ಲ. ಆದರೆ ಕೆಲವರಲ್ಲಿ ಹಂಬಲ, ತಪ್ಪಿತಸ್ಥ ಭಾವ ಆರು ತಿಂಗಳು ದಾಟಿದರೂ ಇಳಿಯದೆ, ಊಟ ನಿದ್ದೆ ಕೆಲಸ ಎಲ್ಲವನ್ನೂ ಕೆಡಿಸಿದರೆ ಅದನ್ನು ದೀರ್ಘಕಾಲದ ಶೋಕವ್ಯಾಧಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ 11ನೆಯ ರೋಗಪಟ್ಟಿ ಗುರುತಿಸುತ್ತದೆ. ಅಂಥವರಿಗೆ ಎಡೆಯೂ ತಿಥಿಯೂ ಸಾಲವು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮನಸ್ ಸಹಾಯವಾಣಿ, 14416, ಕನ್ನಡದಲ್ಲೂ ಮಾತಾಡುತ್ತದೆ. ಅದರ ಹಿಂದೆ ಬೆಂಗಳೂರಿನ ನಿಮ್ಹಾನ್ಸ್ ಇದೆ.

ನನಗೆ ಉತ್ತರಿಸಲಾಗದ ಆಕ್ಷೇಪ ಒಂದೇ, ಅದು ಘಾಟಿನ ಮೆಟ್ಟಿಲ ಮೇಲೆಯೇ ಕಾಣುತ್ತದೆ. ಪಿಂಡ ಇಡುವವನು ಸಾಮಾನ್ಯವಾಗಿ ಮಗ. ಮಾತ್ರೆ ಕೊಟ್ಟವಳು, ಹಾಸಿಗೆ ಬದಲಿಸಿದವಳು, ರಾತ್ರಿ ಎದ್ದು ಉಸಿರು ನೋಡಿದವಳು ಹೆಚ್ಚಿನ ಮನೆಗಳಲ್ಲಿ ಮಗಳು ಅಥವಾ ಸೊಸೆ. ಉಳಿದುಹೋದ ಮಾತು ಎಲ್ಲರಿಗಿಂತ ಹೆಚ್ಚಿರುವುದು ಅವಳಲ್ಲಿ. ಅವಳು ನಿಂತಿರುವುದು ಹಿಂದಿನ ಸಾಲಿನಲ್ಲಿ. ಕಾಗೆ ಎಷ್ಟು ಹೊತ್ತು ಕಾಯಿಸಿದರೂ, ನೀನೇನಾದರೂ ಹೇಳುವುದಿದೆಯೇನಮ್ಮ ಎಂದು ಅವಳ ಕಡೆ ತಿರುಗಿ ಕೇಳುವವರು ಕಡಿಮೆ.