ಮುದಿ ಬೆಕ್ಕಿಗೆ ದಿಢೀರನೆ ಕಣ್ಣು ಕಾಣದಾದರೆ

‘ವಯಸ್ಸಾಯ್ತಲ್ಲ, ಕಣ್ಣು ಹೋಗಿದೆ, ಇನ್ನೇನು ಮಾಡೋಕಾಗುತ್ತೆ?’ ನಿನ್ನೆಯವರೆಗೆ ಕಿಟಕಿ ಹಾರುತ್ತಿದ್ದ ಬೆಕ್ಕು ಇವತ್ತು ಬಾಗಿಲಿಗೆ ಹಣೆ ಗುದ್ದಿಕೊಂಡರೆ ಮನೆಯಲ್ಲಿ ಮೊದಲು ಕೇಳಿಬರುವ ಮಾತು ಇದು. ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವ ಮಾತೂ ಇದೇ.

ಮುಪ್ಪು ರಾತ್ರೋರಾತ್ರಿ ಕಣ್ಣು ಕಳೆಯುವುದಿಲ್ಲ. ವಯಸ್ಸಾದ ಬೆಕ್ಕಿಗೆ ಹೀಗಾದಾಗ ಮೊದಲು ಅನುಮಾನಿಸಬೇಕಾದದ್ದು ರಕ್ತದೊತ್ತಡವನ್ನು. ಅದರ ಹಿಂದೆ ಬಹಳ ಸಲ ಸೋತ ಮೂತ್ರಪಿಂಡವೋ, ಮಿತಿಮೀರಿ ಕೆಲಸ ಮಾಡುವ ಥೈರಾಯ್ಡೋ ಇರುತ್ತದೆ. ಒತ್ತಡ ಏರಿದಾಗ ಕಣ್ಣಿನ ಹಿಂಭಾಗದ ಸಣ್ಣ ರಕ್ತನಾಳಗಳಿಂದ ದ್ರವ ಸೋರಿ, ರೆಟಿನಾ ತನ್ನ ಜಾಗದಿಂದ ಕಳಚಿಕೊಳ್ಳುತ್ತದೆ. ಬಿಸಿಲಿಗೆ ನಿಲ್ಲಿಸಿದರೂ ಪಾಪೆ ಕಿರಿದಾಗದೆ ದುಂಡಗೆ, ಕಪ್ಪಗೆ ಹಿಗ್ಗಿಯೇ ಇರುತ್ತದೆ. ಕೆಲವೊಮ್ಮೆ ಕಣ್ಣೊಳಗೆ ರಕ್ತ ಕಾಣುತ್ತದೆ. ಅವತ್ತೇ ವೈದ್ಯರ ಹತ್ತಿರ ಹೋಗಬೇಕು. ಮುಂಗಾಲಿಗೋ ಬಾಲದ ಬುಡಕ್ಕೋ ಪುಟ್ಟ ಪಟ್ಟಿ ಕಟ್ಟಿ ಬಿಪಿ ನೋಡುತ್ತಾರೆ. ಮೇಲಿನ ಅಂಕಿ 160 ದಾಟಿದರೆ ಹೆಚ್ಚು, 180 ದಾಟಿದರೆ ತೀವ್ರ. ಮನುಷ್ಯರು ನುಂಗುವ ಆಮ್ಲೋಡಿಪಿನ್ ಮಾತ್ರೆಯನ್ನೇ ಬೆಕ್ಕಿಗೂ ಬರೆದುಕೊಡುವುದುಂಟು. ಹಾಗಂತ ಅಜ್ಜನ ಮಾತ್ರೆ ಮುರಿದು ಬಾಯಿಗೆ ಹಾಕಬೇಡಿ, ಪ್ರಮಾಣವನ್ನು ವೈದ್ಯರೇ ಹೇಳಬೇಕು. ಚಿಕಿತ್ಸೆ ಬೇಗ ಸಿಕ್ಕರೆ ರೆಟಿನಾ ಮತ್ತೆ ಅಂಟಿಕೊಂಡು ಸ್ವಲ್ಪ ದೃಷ್ಟಿ ಮರಳಬಹುದು. ಮರಳದಿದ್ದರೂ ಮಾತ್ರೆ ನಿಲ್ಲಿಸುವಂತಿಲ್ಲ, ಅದೇ ಒತ್ತಡ ಮಿದುಳು, ಹೃದಯಗಳನ್ನೂ ಕೆಡಿಸುತ್ತದೆ.

‘ಕಣ್ಣ ಮುಂದೆ ಕೈ ಬೀಸಿದೆ, ರೆಪ್ಪೆ ಬಡಿಯಿತು, ಕಾಣುತ್ತೆ ಬಿಡಿ’ ಎನ್ನುವವರಿದ್ದಾರೆ. ಕೈ ಬೀಸಿದ ಗಾಳಿ ಮೀಸೆಗೆ ತಾಕಿದರೂ ಬೆಕ್ಕು ರೆಪ್ಪೆ ಬಡಿಯುತ್ತದೆ. ಅದರ ಬದಲು ಹತ್ತಿಯ ಉಂಡೆಯೊಂದನ್ನು ಮುಖದಿಂದ ತುಸು ದೂರದಲ್ಲಿ ಮೇಲಿನಿಂದ ಬಿಡಿ. ಸದ್ದಿಲ್ಲ, ವಾಸನೆಯಿಲ್ಲ. ಬೆಕ್ಕು ಕತ್ತು ತಿರುಗಿಸಿ ಅದನ್ನು ಹಿಂಬಾಲಿಸುತ್ತದೆಯೇ ನೋಡಿ.

ಮುದಿ ಬೆಕ್ಕಿನ ಕಣ್ಣಲ್ಲಿ ಕಾಣುವ ನೀಲಿ ಮಬ್ಬನ್ನು ಪೊರೆ ಎಂದು ತಿಳಿಯುವುದೂ ಸಾಮಾನ್ಯ. ಅದು ಹೆಚ್ಚಾಗಿ ವಯಸ್ಸಿಗೆ ಮಸೂರ ಗಟ್ಟಿಯಾದ ಗುರುತು; ಅದರಿಂದ ಕುರುಡು ಬರುವುದಿಲ್ಲ.

ಜೇನು, ತುಳಸಿ ರಸ, ಮನೆಯಲ್ಲಿ ಉಳಿದ ಕಣ್ಣಿನ ಹನಿ, ಇವು ಯಾವುವೂ ಕಳಚಿದ ರೆಟಿನಾವನ್ನು ತಲುಪುವುದಿಲ್ಲ. ಉರಿ ಹೆಚ್ಚುತ್ತದೆ, ದಿನ ಹೋಗುತ್ತದೆ. ಇತ್ತೀಚೆಗೆ ಎನ್ರೋಫ್ಲಾಕ್ಸಸಿನ್ ಎಂಬ ಆ್ಯಂಟಿಬಯೋಟಿಕ್ ಕೊಟ್ಟಿದ್ದರೆ ವೈದ್ಯರಿಗೆ ತಪ್ಪದೆ ಹೇಳಿ. ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 5 ಮಿಲಿಗ್ರಾಂ ಮೀರಿದರೆ ಅದು ಬೆಕ್ಕಿನ ರೆಟಿನಾಕ್ಕೆ ವಿಷವಾಗಬಲ್ಲದು. ಬರೀ ಹಾಲು-ಅನ್ನ ತಿನ್ನುವ ಬೆಕ್ಕಿಗೆ ಟಾರಿನ್ ಕೊರತೆಯಿಂದಲೂ ದೃಷ್ಟಿ ಕುಂದುತ್ತದೆ, ಆದರೆ ತಿಂಗಳುಗಟ್ಟಲೆ ನಿಧಾನವಾಗಿ.

ಕೊನೆಗೆ, ‘ಕುರುಡು ಬೆಕ್ಕು ನರಳುತ್ತೆ, ಇಂಜೆಕ್ಷನ್ ಕೊಡಿಸಿ ಕಳಿಸಿಬಿಡಿ.’ ಕಣ್ಣು ಹೋಯಿತೆಂಬ ಒಂದೇ ಕಾರಣಕ್ಕೆ ಈ ತೀರ್ಮಾನಕ್ಕೆ ಬರುವುದು ಅನ್ಯಾಯ. ನಮಗೆ ಕೇಳದ ಸಣ್ಣ ಸದ್ದೂ ಬೆಕ್ಕಿಗೆ ಕೇಳುತ್ತದೆ. ಮುಖದಲ್ಲಷ್ಟೇ ಅಲ್ಲ, ಮುಂಗಾಲಿನ ಹಿಂಬದಿಯಲ್ಲೂ ಅದಕ್ಕೆ ಮೀಸೆಗಳಿವೆ. ಗೋಡೆ ಬದಿ ಹಿಡಿದು, ಮೂಗು ಮುಂದೆ ಮಾಡಿ, ಕೆಲವೇ ವಾರಗಳಲ್ಲಿ ಅದು ಮನೆಯನ್ನು ಹೊಸದಾಗಿ ಕಲಿತುಕೊಳ್ಳುತ್ತದೆ.

ನಾವು ಮನೆಯನ್ನು ಕದಲಿಸದಿದ್ದರೆ ಸಾಕು. ಮೊದಲ ದಿನಗಳು ಒಂದೇ ಕೋಣೆಯಲ್ಲಿರಲಿ. ನೀರು, ಊಟ, ಮರಳಿನ ಟ್ರೇ, ಹಾಸಿಗೆ ಇಟ್ಟಲ್ಲೇ ಇರಲಿ. ದಾರಿಯಲ್ಲಿ ಕುರ್ಚಿ, ಬಕೆಟ್ ಬೇಡ. ಮೆಟ್ಟಿಲಿಗೆ ಅಡ್ಡ ಹಲಗೆ, ಸಂಪಿಗೆ ಮುಚ್ಚಳ, ಬಾಲ್ಕನಿಗೆ ಬಲೆ ಹಾಕಿ. ಹೊರಗೆ ಬಿಡಬೇಡಿ. ಮುಟ್ಟುವ ಮೊದಲು ಹೆಸರು ಹಿಡಿದು ಕೂಗಿ; ನಿದ್ದೆಯಲ್ಲಿ ದಿಢೀರನೆ ಮುಟ್ಟಿದರೆ ಬೆಚ್ಚಿ ಕಚ್ಚೀತು. ಎತ್ತಿಕೊಂಡರೆ ತೋಚಿದಲ್ಲಿ ಬಿಡದೆ, ಪ್ರತಿ ಸಲವೂ ಊಟದ ತಟ್ಟೆಯ ಪಕ್ಕದಲ್ಲೇ ನಾಲ್ಕೂ ಕಾಲು ನೆಲಕ್ಕೆ ತಾಕುವಂತೆ ಇಳಿಸಿ. ತಾನೆಲ್ಲಿದ್ದೇನೆಂದು ಅದಕ್ಕೆ ಅಲ್ಲಿಂದ ತಿಳಿಯುತ್ತದೆ. ರಾತ್ರಿ ಒಂದೇ ಸಮನೆ ಕೂಗುತ್ತಿದ್ದರೆ ಹೆದರಿಕೆ ಎಂದಷ್ಟೇ ತಿಳಿಯದೆ ಬಿಪಿಯನ್ನು ಮತ್ತೊಮ್ಮೆ ನೋಡಿಸಿ.

ಮನೆಯಲ್ಲಿ ಏಳು ವರ್ಷ ದಾಟಿದ ಬೇರೆ ಬೆಕ್ಕುಗಳಿದ್ದರೆ ಅವಕ್ಕೂ ವರ್ಷಕ್ಕೊಮ್ಮೆ ಬಿಪಿ ಪರೀಕ್ಷೆ ಮಾಡಿಸಿ. ಅದಕ್ಕೆ ಬೇಕಾದ ಸಾಧನ ಎಲ್ಲ ಕಡೆ ಇರುವುದಿಲ್ಲ, ಹೊರಡುವ ಮುಂಚೆ ಫೋನ್ ಮಾಡಿ ಕೇಳಿಕೊಳ್ಳಿ.