ಋತುಮಾನದ ಆಟಗಳೂ ಮನೆಯ ಮಕ್ಕಳೂ

ವಿಡಿಯೋ ಆಟಗಳೆಂದರೆ ಓಟ, ಹೊಡೆದಾಟ, ಗುಂಡಿನ ಸುರಿಮಳೆ ಎಂಬ ಭಾವನೆ ನಮ್ಮ ಹಿರಿಯರಲ್ಲಿ ಬಲವಾಗಿ ಬೇರೂರಿದೆ. ಆದರೆ ಅದೇ ಯಂತ್ರಗಳಲ್ಲಿ ಶತ್ರುವಿಲ್ಲದ, ಸೋಲು ಗೆಲುವುಗಳ ಹಂಗಿಲ್ಲದ ಮತ್ತೊಂದು ಬಗೆಯ ಆಟವೂ ಉಂಟು. ಅಲ್ಲಿ ಆಡುವವನು ಪುಟ್ಟ ಊರೊಂದರ ನಿವಾಸಿ. ಗಿಡ ನೆಡುತ್ತಾನೆ, ಮನೆ ಕಟ್ಟಿಸುತ್ತಾನೆ, ನೆರೆಯವರಿಗೆ ಪತ್ರ ಬರೆಯುತ್ತಾನೆ, ಋತುವಿನಿಂದ ಋತುವಿಗೆ ಬರುವ ಹಬ್ಬಗಳಲ್ಲಿ ಪಾಲ್ಗೊಳ್ಳುತ್ತಾನೆ. ಇಂಥ ಆಟ ಕಾಲವನ್ನು ಹೇಗೆ ಬಳಸಿಕೊಳ್ಳುತ್ತದೆ ಎಂಬುದನ್ನು ಹೆತ್ತವರು ವಿಚಾರಿಸಬೇಕು. ಮಗುವಿಗೆ ತಾಳ್ಮೆ ಕಲಿಸುವುದಕ್ಕೂ, ಮಗುವಿನ ಆತುರವನ್ನು ಹಣವಾಗಿಸುವುದಕ್ಕೂ ಇಲ್ಲಿ ಸಾಧನವಾಗುವುದು ಕಾಲವೇ.

ಜಪಾನಿನ ನಿಂಟೆಂಡೊ ಸಂಸ್ಥೆಯು 2001ರ ಏಪ್ರಿಲ್ ತಿಂಗಳಲ್ಲಿ 'ದೋಬುತ್ಸು ನೊ ಮೋರಿ', ಅಂದರೆ 'ಪ್ರಾಣಿಗಳ ಕಾಡು', ಎಂಬ ಆಟವನ್ನು ಹೊರತಂದಿತು. 'ಅನಿಮಲ್ ಕ್ರಾಸಿಂಗ್' ಎಂದು ಮುಂದೆ ಲೋಕವೆಲ್ಲ ಅರಿತದ್ದು ಇದನ್ನೇ. ಇದರ ರೂವಾರಿಗಳಲ್ಲೊಬ್ಬರಾದ ಕತ್ಸುಯಾ ಎಗುಚಿಯವರು ಚಿಬಾದ ಮನೆ ಬಿಟ್ಟು ಉದ್ಯೋಗಕ್ಕಾಗಿ ಕ್ಯೋಟೋ ನಗರಕ್ಕೆ ಬಂದವರು. ಬಂಧುಮಿತ್ರರ ಸಾಮೀಪ್ಯದ ಬೆಲೆ ದೂರವಾದ ಮೇಲೆ ಅವರಿಗೆ ತಿಳಿಯಿತಂತೆ. ಆ ಮೊದಲ ಆಟದಲ್ಲಿ ಒಂದೇ ಊರಿನಲ್ಲಿ ನಾಲ್ವರು ಮನೆ ಮಾಡಬಹುದಿತ್ತು. ಆದರೆ ಆಡಬೇಕಾದದ್ದು ಒಬ್ಬರ ನಂತರ ಒಬ್ಬರು. ಸಂಜೆ ಆಡಿದ ಮಗು ಬಿಟ್ಟುಹೋದ ಪತ್ರವನ್ನೋ ಕಾಣಿಕೆಯನ್ನೋ ತಡರಾತ್ರಿ ಮನೆಗೆ ಬಂದ ತಂದೆ ನೋಡಬಹುದಿತ್ತು.

ಈ ಆಟದ ವಿಶೇಷವೆಂದರೆ ಅದರ ಗಡಿಯಾರ. ಹೊರಗೆ ರಾತ್ರಿಯಾದರೆ ಒಳಗೂ ರಾತ್ರಿ. ಹೊರಗೆ ಡಿಸೆಂಬರ್ ಆದರೆ ಒಳಗೂ ಡಿಸೆಂಬರ್. 2020ರ ಮಾರ್ಚ್ 20ರಂದು ಬಂದ 'ನ್ಯೂ ಹೊರೈಜನ್ಸ್' ಎಂಬ ಅವತರಣಿಕೆಯಲ್ಲಿ ಭೂಮಿಯ ಉತ್ತರಾರ್ಧದ ಋತುಗಳು ಬೇಕೋ ದಕ್ಷಿಣಾರ್ಧದವು ಬೇಕೋ ಎಂದು ಆರಂಭದಲ್ಲಿಯೇ ಕೇಳಲಾಗುತ್ತದೆ. ಮನೆ ದೊಡ್ಡದು ಮಾಡಿಸಲು ಹೇಳಿದರೆ ಅದು ಸಿದ್ಧವಾಗುವುದು ಮರುದಿನವೇ. ಮರದ ಹಣ್ಣು ಕಿತ್ತರೆ ಮತ್ತೆ ಹಣ್ಣಾಗಲು 3 ದಿನ. ಉತ್ತರಾರ್ಧದಲ್ಲಿ ಚೆರಿ ಹೂವು ಅರಳುವುದು ಏಪ್ರಿಲ್ 1ರಿಂದ 10ರವರೆಗೆ ಮಾತ್ರ. ತಪ್ಪಿದರೆ ಮುಂದಿನ ವರ್ಷ. ಎಳ್ಳಮಾವಾಸ್ಯೆಯಂದು ಹೊಲಕ್ಕೆ ಹೋಗಿ ಚರಗ ಚೆಲ್ಲುವ ಮನೆತನದವರಿಗೆ ಇದರ ಸೊಗಸನ್ನು ವಿವರಿಸಬೇಕಾಗಿಲ್ಲ. ಯಂತ್ರದ ಗಡಿಯಾರವನ್ನು ಮುಂದಕ್ಕೆ ತಿರುಗಿಸಿ ನಾಳೆಯನ್ನು ಇಂದೇ ತಂದುಕೊಳ್ಳುವವರೂ ಇದ್ದಾರೆ; ಪಂಚಾಂಗ ತಿದ್ದಿ ಹಬ್ಬ ಮಾಡಿದಂತೆ ಅದು.

ತಿಂಗಳುಗಟ್ಟಲೆ ಆಟದ ಕಡೆ ಸುಳಿಯದಿದ್ದರೆ ಊರಿನಲ್ಲಿ ಕಳೆ ಬೆಳೆದಿರುತ್ತದೆ, ಮನೆಯೊಳಗೆ ಜಿರಲೆಗಳು ಓಡಾಡುತ್ತವೆ, ನೆರೆಯವರು ಇಷ್ಟು ದಿನ ಎಲ್ಲಿದ್ದಿರೆಂದು ವಿಚಾರಿಸುತ್ತಾರೆ. ಅಷ್ಟೇ. ಹಿಂದಿನ ಅವತರಣಿಕೆಗಳಲ್ಲಿ ನೆರೆಯವರು ಹೇಳದೆಯೇ ಊರು ಬಿಡುವುದಿತ್ತು, ನೀರಿಲ್ಲದೆ ಹೂಗಿಡಗಳು ಬಾಡಿಹೋಗುವುದಿತ್ತು. 2020ರ ಆಟದಲ್ಲಿ ಅವೆರಡನ್ನೂ ತೆಗೆದುಹಾಕಿದರು. ಬಾರದಿದ್ದವನನ್ನು ದಂಡಿಸದೆ ಬಂದಾಗ ಬರಮಾಡಿಕೊಳ್ಳುವ ಈ ಮಾರ್ಪಾಡು ನನಗೆ ಬಹಳ ವಿವೇಕದ್ದೆಂದು ತೋರುತ್ತದೆ.

ಹಬ್ಬವೂ ಅತಿಯಾಗಬಹುದು. ಅದೇ 2020ರ ಏಪ್ರಿಲ್ 1ರಿಂದ 12ರವರೆಗೆ ಈಸ್ಟರ್ ನಿಮಿತ್ತದ 'ಬನ್ನಿ ಡೇ' ನಡೆಯಿತು. ಗಾಳ ಹಾಕಿದರೆ ಮೊಟ್ಟೆ, ಬಂಡೆ ಬಡಿದರೆ ಮೊಟ್ಟೆ, ಮರ ಅಲುಗಿಸಿದರೂ ಮೊಟ್ಟೆ! ಚೆರಿ ಹೂವಿನ ವಸ್ತುಗಳನ್ನು ತಯಾರಿಸುವ ವಿಧಾನ ಸಿಗಲೆಂದು ಬಲೂನು ಹೊಡೆದವರಿಗೂ ದೊರೆತದ್ದು ಮೊಟ್ಟೆಯೇ. ಆಡುವವರು ಬೇಸತ್ತು ದೂರಿದರು. ಹಬ್ಬ ಮುಗಿಯುವ ಮೊದಲೇ ಸಂಸ್ಥೆಯು ಮೊಟ್ಟೆಗಳು ಕಾಣುವ ಪ್ರಮಾಣವನ್ನು ಬದಲಿಸಬೇಕಾಯಿತು.

ನಿತ್ಯವೂ ಸ್ವಲ್ಪ ದುಡಿಮೆ, ನಿಧಾನವಾದ ಫಲ ಎಂಬುದನ್ನು ಕಂಡು ಇಂಥ ಆಟವನ್ನು ಕಾಯಕಕ್ಕೆ ಹೋಲಿಸುವವರಿದ್ದಾರೆ. ಇದು ಒಪ್ಪತಕ್ಕ ಮಾತಲ್ಲ. ಕಾಯಕದ ಫಲ ದಾಸೋಹವಾಗಿ ಮತ್ತೊಬ್ಬರ ಎಲೆಗೆ ಬೀಳಬೇಕು. ಇಲ್ಲಿ ಬೆಳೆದ ಹಣ್ಣು ಪರದೆಯನ್ನು ದಾಟಲಾರದು. ಆಟ ಆಟವೇ. ಆದರೆ ಒಳ್ಳೆಯ ಆಟ, ಕೆಟ್ಟ ಆಟ ಎಂಬ ವಿವೇಚನೆ ಬೇಡವೆಂದು ಇದರ ಅರ್ಥವಲ್ಲ.

ಅದೇ ಸಂಸ್ಥೆ 2017ರ ನವೆಂಬರ್‌ನಲ್ಲಿ ಮೊಬೈಲ್ ಫೋನಿಗಾಗಿ 'ಪಾಕೆಟ್ ಕ್ಯಾಂಪ್' ಎಂಬ ಆಟವನ್ನು ಉಚಿತವಾಗಿ ನೀಡಿತು. ಅದೇ ಪ್ರಾಣಿಗಳು, ಅದೇ ಋತುಗಳು. ಆದರೆ ಪೀಠೋಪಕರಣವೊಂದನ್ನು ಮಾಡಿಸಿ ಗಂಟೆಗಟ್ಟಲೆ ಕಾಯಲಾರದವರಿಗೆ 'ಎಲೆ ಚೀಟಿ'ಗಳಿದ್ದವು. ಚೀಟಿ ಕೊಟ್ಟರೆ ವಸ್ತು ಕೂಡಲೇ ಸಿದ್ಧ. ಕೆಲವು ಚೀಟಿ ಆಟದಲ್ಲಿಯೇ ದೊರೆಯುತ್ತಿದ್ದವು, ಹೆಚ್ಚು ಬೇಕಾದರೆ ನಿಜವಾದ ಹಣ. ಇಷ್ಟು ದಿನದೊಳಗೆ ಇಷ್ಟನ್ನು ಸಂಗ್ರಹಿಸಬೇಕೆಂಬ ಋತುವಿನ ಉತ್ಸವಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಮೊದಲನೆಯ ಆಟದಲ್ಲಿ ಕಾಯುವುದು ಬಿಡುವಾಗಿತ್ತು. ಇಲ್ಲಿ ಅದೇ ಮಾರಾಟದ ಸರಕಾಯಿತು. 2024ರ ನವೆಂಬರ್‌ನಲ್ಲಿ ಈ ಸೇವೆ ನಿಂತು, ಒಮ್ಮೆ ಹಣ ಕೊಟ್ಟು ಕೊಳ್ಳುವ, ಚೀಟಿ ಮಾರಾಟವಿಲ್ಲದ ಆವೃತ್ತಿ ಬಂದಿತೆಂಬುದು ಸಮಾಧಾನದ ಸಂಗತಿ. ಆದರೆ ಇದೇ ತಂತ್ರದ ಬೇರೆ ಆಟಗಳು ನಮ್ಮ ಮಕ್ಕಳ ಫೋನುಗಳಲ್ಲಿ ಈಗಲೂ ಇವೆ. ಎಷ್ಟು ಹೊತ್ತು ಆಡಿದೆಯೆಂದು ಮಗುವನ್ನು ಕೇಳುವ ನಾವು, ನಾಳೆ ಆಡದಿದ್ದರೆ ಏನು ಕಳೆದುಕೊಳ್ಳುತ್ತೀ ಎಂದೂ ಕೇಳಬೇಕು.

ಇನ್ನು 'ಸ್ಟಾರ್‌ಡ್ಯೂ ವ್ಯಾಲಿ'. ಎರಿಕ್ ಬರೋನ್ ಎಂಬ ಅಮೆರಿಕದ ಯುವಕ ನಾಲ್ಕು ವರ್ಷಕ್ಕೂ ಮಿಕ್ಕಿ ಒಬ್ಬನೇ ದುಡಿದು 2016ರಲ್ಲಿ ಹೊರತಂದ ಕೃಷಿಯ ಆಟವಿದು. ಇದರ ಕಾಲ ಹೊರಗಿನ ಕಾಲವಲ್ಲ. 28 ದಿನಗಳ ನಾಲ್ಕು ಋತುಗಳು, ಬೆಳಗಿನ 6ರಿಂದ ರಾತ್ರಿ 2ರವರೆಗಿನ ಒಂದು ದಿನಕ್ಕೆ ನಮ್ಮ ಸುಮಾರು 14 ನಿಮಿಷ. ಋತು ಮುಗಿದರೆ ಆ ಋತುವಿಗೆ ಸೇರಿದ ಬೆಳೆ ಒಣಗುತ್ತದೆ. ಆದರೆ ಯಂತ್ರ ಮುಚ್ಚಿಟ್ಟು ಹೋದವನ ಬೆಳೆ ಅವನು ಬರುವವರೆಗೆ ಹಾಗೆಯೇ ಇರುತ್ತದೆ. ತೊಡಕಿರುವುದು ಮತ್ತೊಂದು ಕಡೆ. ಕಂಪ್ಯೂಟರಿನಲ್ಲಿ ಆಡುವಾಗ, ಆಟದ ರೈತ ಮಲಗಿ ದಿನ ಮುಗಿದಾಗ ಮಾತ್ರ ಅಂದಿನ ದುಡಿಮೆ ದಾಖಲಾಗುತ್ತದೆ. ನಡುವೆ ಆರಿಸಿದರೆ ಆ ದಿನದ ಕೆಲಸವೆಲ್ಲ ವ್ಯರ್ಥ. ಪ್ರಸಾದಕ್ಕೆ ಕರೆದಾಗ ಮಗು ಏಳದೆ ಗೋಗರೆಯುವುದು ಕೇವಲ ಹಟವಲ್ಲ. ತಾಯಂದಿರು ಎಲೆ ಹಾಕುವ ಕಾಲು ಗಂಟೆ ಮೊದಲೇ "ಈ ದಿನ ಮುಗಿಸಿ ಏಳಪ್ಪ" ಎಂದು ಹೇಳಿಟ್ಟರೆ ಆಟದ ರೈತನೂ ಮಲಗುತ್ತಾನೆ, ಹುಡುಗನೂ ಕೈಕಾಲು ತೊಳೆದು ಬರುತ್ತಾನೆ.